ಪ್ರತಿಭೆಗೆ ಅಳತೆಗೋಲು ಯಾವುದು

ಅಸಾಧಾರಣ ಪ್ರತಿಭೆಯನ್ನು ಅಂಕಿಗಳಲ್ಲಿ ಹಿಡಿದಿಡಬಹುದೆಂಬ ನಂಬಿಕೆ ಬಹಳ ಹಳೆಯದೇನಲ್ಲ. ಚಾರ್ಲ್ಸ್ ಡಾರ್ವಿನ್ನರ ಬಂಧುವಾದ ಫ್ರಾನ್ಸಿಸ್ ಗಾಲ್ಟನ್ ಅವರು 1869ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನ್ಯಾಯಾಧೀಶರು, ರಾಜನೀತಿಜ್ಞರು, ಸೇನಾಪತಿಗಳು, ಕವಿಗಳು, ವಿಜ್ಞಾನಿಗಳು ಮುಂತಾದವರ ವಂಶಾವಳಿಗಳನ್ನು ಒಟ್ಟುಗೂಡಿಸಿ, ಪ್ರತಿಭೆಯೂ ಮೈಕಟ್ಟಿನ ಹಾಗೆ ಪೀಳಿಗೆಯಿಂದ ಪೀಳಿಗೆಗೆ ಇಳಿದುಬರುವ ಗುಣವೆಂದು ವಾದಿಸಿದರು. ನ್ಯಾಯಾಧೀಶರ ಮಗನಿಗೆ ರಕ್ತದ ಜೊತೆಗೆ ಒಳ್ಳೆಯ ಶಾಲೆ, ದೊಡ್ಡವರ ಪರಿಚಯ, ಆಸ್ತಿ ಎಲ್ಲವೂ ಸಿಗುತ್ತವೆ ಎಂಬ ಸರಳ ಸಂಗತಿಗೆ ಆ ವಾದದಲ್ಲಿ ತಕ್ಕ ಸ್ಥಾನ ದೊರೆಯಲಿಲ್ಲ. ಗಾಲ್ಟನ್ ಎಣಿಸಿದ್ದು ಬಹುಮಟ್ಟಿಗೆ ಕೀರ್ತಿಯನ್ನು.

ಮುಂದೆ 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಅವರು, ಶಾಲೆಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಅವರಿಗೆ ಹೆಚ್ಚಿನ ಪಾಠ ಹೇಳಿಸಬೇಕೆಂಬ ಉದ್ದೇಶದಿಂದ, ಬುದ್ಧಿಶಕ್ತಿಯ ಪರೀಕ್ಷೆಯೊಂದನ್ನು ಸಿದ್ಧಪಡಿಸಿದರು. ಅದೇ ಪರೀಕ್ಷೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಅವರ ಕೈಯಲ್ಲಿ ಐಕ್ಯೂ ಅಳತೆಯಾಗಿ ಬೆಳೆಯಿತು. ಐಕ್ಯೂ ಎಂದರೆ ಒಂದು ವಯಸ್ಸಿನವರ ಸರಾಸರಿಯನ್ನು ನೂರು ಎಂದಿಟ್ಟುಕೊಂಡು, ಆ ಸರಾಸರಿಯಿಂದ ಒಬ್ಬ ವ್ಯಕ್ತಿ ಎಷ್ಟು ಮೇಲೆ ಅಥವಾ ಎಷ್ಟು ಕೆಳಗೆ ಇದ್ದಾನೆಂದು ಸೂಚಿಸುವ ಸಂಖ್ಯೆ. ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಅತಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ಆರಿಸಲು ತೊಡಗಿ, ಸುಮಾರು ಒಂದೂವರೆ ಸಾವಿರ ಮಕ್ಕಳ ಜೀವನವನ್ನು ದಶಕಗಳ ಕಾಲ ಹಿಂಬಾಲಿಸಿದರು. ಆ ಮಕ್ಕಳಲ್ಲಿ ಹಲವರು ಒಳ್ಳೆಯ ವೈದ್ಯರು, ವಕೀಲರು, ಪ್ರಾಧ್ಯಾಪಕರು ಆದರು. ನೊಬೆಲ್ ಪ್ರಶಸ್ತಿ ಮಾತ್ರ ಅವರಲ್ಲಿ ಯಾರಿಗೂ ಬರಲಿಲ್ಲ. ಅದೇ ಪರೀಕ್ಷೆಗೆ ಕುಳಿತು, ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ 1956ರಲ್ಲಿ, ಲೂಯಿಸ್ ಆಲ್ವರೆಜ್ 1968ರಲ್ಲಿ, ಭೌತವಿಜ್ಞಾನದ ನೊಬೆಲ್ ಪಡೆದರು. ಪರೀಕ್ಷೆ ಸುಳ್ಳೆಂದು ಇದರಿಂದ ಹೇಳಲಾಗದು. ಕೊಟ್ಟ ಪ್ರಶ್ನೆಗೆ ಬೇಗ ಮತ್ತು ಸರಿಯಾಗಿ ಉತ್ತರಿಸುವ ಶಕ್ತಿಯನ್ನು ಅದು ಅಳೆಯುತ್ತದೆ, ಯಾರೂ ಕೇಳದ ಪ್ರಶ್ನೆಯನ್ನು ಕೇಳುವ ಶಕ್ತಿ ಅದರ ಕೈಗೆ ಸಿಗುವುದಿಲ್ಲ. ಮೆದುಳನ್ನೇ ತೂಗಿ ನೋಡುವ ಉತ್ಸಾಹವಂತೂ ಇನ್ನೂ ಬೇಗ ಮುಗ್ಗರಿಸಿತು: 1955ರಲ್ಲಿ ಐನ್‌ಸ್ಟೈನ್ ತೀರಿಕೊಂಡಾಗ ಹೊರತೆಗೆದ ಅವರ ಮೆದುಳಿನ ತೂಕ 1,230 ಗ್ರಾಂ, ಅಂದರೆ ಸಾಮಾನ್ಯ ಗಂಡಸಿನ ಸರಾಸರಿಗಿಂತ ತುಸು ಕಡಿಮೆ.

ಲೆಕ್ಕದ ವೇಗವನ್ನೇ ಪ್ರತಿಭೆಯೆಂದು ಭಾವಿಸುವ ವಾಡಿಕೆ ಜನರಲ್ಲಿ ಇಂದಿಗೂ ಬಲವಾಗಿದೆ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿ ಅವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಅಲ್ಲಿಯೇ ಆರಿಸಿಕೊಟ್ಟ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ, ಇಪ್ಪತ್ತಾರು ಅಂಕಿಗಳ ಉತ್ತರವನ್ನು 28 ಸೆಕೆಂಡುಗಳಲ್ಲಿ ಹೇಳಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಅವರು ಆಕೆಯನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲಕರವಾದದ್ದು. ದೀಪ ಹೊತ್ತಿದೊಡನೆ ಗುಂಡಿಯನ್ನು ಒತ್ತುವಂತಹ ಸರಳ ಪರೀಕ್ಷೆಗಳಲ್ಲಿ ಆಕೆಯ ಪ್ರತಿಕ್ರಿಯೆಯ ವೇಗದಲ್ಲಿ ವಿಶೇಷವೇನೂ ಕಾಣಲಿಲ್ಲ. ಸಂಖ್ಯೆಗಳ ಲೋಕಕ್ಕೆ ಕಾಲಿಟ್ಟಾಗ ಮಾತ್ರ ಆಕೆ ಬೇರೆಯೇ ವ್ಯಕ್ತಿಯಾಗುತ್ತಿದ್ದರು. ಅಂದರೆ ಬುದ್ಧಿಯೆಂಬ ಒಂದೇ ಯಂತ್ರ ಎಲ್ಲ ಕಡೆಯೂ ವೇಗವಾಗಿ ಓಡುತ್ತದೆಂಬ ಕಲ್ಪನೆ ಇಲ್ಲಿ ನಿಲ್ಲುವುದಿಲ್ಲ. ಆಕೆಯ ಸಾಮರ್ಥ್ಯ ಬೆರಗಿನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಕೆ ಗುಣಿಸಿ ಮುಗಿಸಿದ ಮೇಲೆ ಗಣಿತದಲ್ಲಿ ಮುಂದಿನವರು ನಡೆಯಬಹುದಾದ ಹೊಸ ದಾರಿಯೇನೂ ತೆರೆಯಲಿಲ್ಲ. ಉತ್ತರ ಸರಿಯೆಂದು ಯಂತ್ರ ಒಪ್ಪಿದ ಕ್ಷಣಕ್ಕೆ ಕೆಲಸ ಪೂರ್ಣವಾಯಿತು. ಮಹಾಪ್ರತಿಭೆಯ ವಿಷಯದಲ್ಲಿ ಕೆಲಸ ಆರಂಭವಾಗುವುದೇ ಅಲ್ಲಿಂದ ಮುಂದೆ.

ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರವನ್ನು ಬಹಳ ಬಿಗಿಯಾಗಿ ಹಿಡಿದನು. ಇರುವ ನಿಯಮಗಳನ್ನು ಚೆನ್ನಾಗಿ ಪಾಲಿಸುವುದು ಜಾಣತನ. ನಿಯಮವೇ ಇಲ್ಲದ ಕಡೆ ಹೊಸ ಕೃತಿಯನ್ನು ಹುಟ್ಟಿಸಿ, ಅದರ ಮೂಲಕವೇ ಮುಂದಿನವರಿಗೆ ನಿಯಮ ದೊರೆಯುವಂತೆ ಮಾಡುವುದು ಪ್ರತಿಭೆ ಎಂಬುದು ಅವನ ನಿಲುವು. ಹೊಸತನವೊಂದೇ ಸಾಲದು, ಏಕೆಂದರೆ ಅಸಂಬದ್ಧ ಪ್ರಲಾಪವೂ ಹೊಸದಾಗಿರಬಹುದು. ಹುಟ್ಟಿದ್ದು ಇತರರಿಗೆ ಮಾದರಿಯೂ ಆಗಬೇಕೆಂಬ ಅವನ ಎರಡನೆಯ ಷರತ್ತು ಮೊದಲನೆಯದಕ್ಕಿಂತ ಮುಖ್ಯವಾದದ್ದು. ಇಷ್ಟು ಹೇಳಿದ ಕಾಂಟ್, ವಿಚಿತ್ರವೆನ್ನಿಸುವ ಇನ್ನೊಂದು ತೀರ್ಮಾನಕ್ಕೂ ಬಂದನು: ಹೋಮರನಂತಹ ಕವಿ ಪ್ರತಿಭಾವಂತ, ನ್ಯೂಟನ್ ಎಷ್ಟೇ ದೊಡ್ಡ ಮೇಧಾವಿಯಾದರೂ ಆ ಅರ್ಥದಲ್ಲಿ ಪ್ರತಿಭಾವಂತನಲ್ಲ. ನ್ಯೂಟನ್ ತಾನು ಏರಿದ ಮೆಟ್ಟಿಲುಗಳನ್ನೆಲ್ಲ ಒಂದೊಂದಾಗಿ ತೋರಿಸಬಲ್ಲನು, ಆದ್ದರಿಂದ ಅವನ ವಿದ್ಯೆಯನ್ನು ಕಲಿಯಬಹುದು. ತನ್ನ ಕಲ್ಪನೆಗಳು ಹೇಗೆ ಬಂದವೆಂದು ಹೋಮರ್ ತೋರಿಸಲಾರನು ಎಂಬುದು ಅದಕ್ಕೆ ಕೊಟ್ಟ ಕಾರಣ. ಮೆಟ್ಟಿಲುಗಳನ್ನು ತೋರಿಸಲಾರದ ಗಣಿತಜ್ಞನೊಬ್ಬ ಹುಟ್ಟಿಬರಬಹುದೆಂದು ಕಾಂಟ್ ಊಹಿಸಿರಲಿಕ್ಕಿಲ್ಲ.

ಭಾರತೀಯ ಕಾವ್ಯಮೀಮಾಂಸೆ, ಅಂದರೆ ಕಾವ್ಯದ ಸ್ವರೂಪವನ್ನು ವಿಚಾರಮಾಡುವ ಶಾಸ್ತ್ರ, ಇದೇ ಪ್ರಶ್ನೆಯನ್ನು ಸಾವಿರ ವರ್ಷಕ್ಕೂ ಹಿಂದಿನಿಂದ ಚರ್ಚಿಸುತ್ತ ಬಂದಿದೆ. ಹೊಸ ಹೊಸದನ್ನು ಅರಳಿಸುವ ಪ್ರಜ್ಞೆಯೇ ಪ್ರತಿಭೆಯೆಂದು ಅಭಿನವಗುಪ್ತನ ಗುರುವಾದ ಭಟ್ಟತೌತನು ಹೇಳಿದನೆಂದು ಪ್ರಸಿದ್ಧಿ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗಕ್ಕೆ ಬಹುಮಟ್ಟಿಗೆ ಆಧಾರವಾದ ಕಾವ್ಯಾದರ್ಶದಲ್ಲಿ ದಂಡಿಯು ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ವಿಪುಲ ವಿದ್ಯೆ, ಬಿಡದ ಪ್ರಯತ್ನ ಎಂಬ ಮೂರನ್ನೂ ಬೇಡುತ್ತಾನೆ. ಹುಟ್ಟುಗುಣ ಇಲ್ಲದಿದ್ದರೂ ವಿದ್ಯೆ ಮತ್ತು ದುಡಿಮೆಯಿಂದ ವಾಗ್ದೇವಿಯ ಕೃಪೆ ಅಷ್ಟಿಷ್ಟು ದೊರೆತೀತೆಂಬ ಭರವಸೆಯನ್ನೂ ಕೊಡುತ್ತಾನೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟನು ಕಾವ್ಯಪ್ರಕಾಶದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿ, ಅವುಗಳನ್ನು ಮೂರು ಬೇರೆ ಬೇರೆ ಕಾರಣಗಳೆಂದು ಎಣಿಸದೆ, ಕೂಡಿದಾಗ ಮಾತ್ರ ಫಲಕೊಡುವ ಒಂದೇ ಕಾರಣವೆಂದು ನಿರ್ಣಯಿಸಿದನು. ಹುಟ್ಟುಗುಣವೋ ದುಡಿಮೆಯೋ ಎಂದು ಇಂದಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ನಡೆಯುವ ಚರ್ಚೆಗೆ ಮಮ್ಮಟನ ಈ ನಿರ್ಣಯ ಇಂದಿಗೂ ಒಳ್ಳೆಯ ಉತ್ತರ. ಆದರೆ ಎಲ್ಲರಿಗಿಂತ ದೂರ ನೋಡಿದವನು ಹತ್ತನೆಯ ಶತಮಾನದ ಆರಂಭದ ರಾಜಶೇಖರ. ಅವನ ಕಾವ್ಯಮೀಮಾಂಸೆಯಲ್ಲಿ ಪ್ರತಿಭೆ ಎರಡು ಬಗೆ: ರಚಿಸುವವನಲ್ಲಿರುವುದು ಕಾರಯಿತ್ರೀ, ರಚಿಸಿದ್ದರ ಬೆಲೆಯನ್ನು ಕಾಣಬಲ್ಲ ಸಹೃದಯನಲ್ಲಿರುವುದು ಭಾವಯಿತ್ರೀ. ಎರಡನೆಯದು ಇಲ್ಲದ ಕಡೆ ಮೊದಲನೆಯದು ಫಲಿಸದೆ ಹೋಗುತ್ತದೆ.

ಈ ಎಲ್ಲ ವಿಚಾರಗಳನ್ನೂ ಒಟ್ಟಿಗೆ ಒರೆಗೆ ಹಚ್ಚಿ ನೋಡಲು ಶ್ರೀನಿವಾಸ ರಾಮಾನುಜನ್ ಅವರಿಗಿಂತ ತಕ್ಕ ನಿದರ್ಶನ ಸಿಗುವುದು ಕಷ್ಟ. 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಹುಟ್ಟಿ, ಕುಂಭಕೋಣದಲ್ಲಿ ಬಟ್ಟೆ ಅಂಗಡಿಯ ಗುಮಾಸ್ತರೊಬ್ಬರ ಮಗನಾಗಿ ಬೆಳೆದ ಅವರಿಗೆ, ಹದಿನೈದು ಹದಿನಾರರ ವಯಸ್ಸಿನಲ್ಲಿ ಜಿ. ಎಸ್. ಕಾರ್ ಎಂಬ ಇಂಗ್ಲೆಂಡಿನ ಮನೆಪಾಠದ ಮೇಷ್ಟ್ರು ಪರೀಕ್ಷಾರ್ಥಿಗಳಿಗಾಗಿ ಸಿದ್ಧಪಡಿಸಿದ್ದ ಗ್ರಂಥ ಸಿಕ್ಕಿತು. ಅದರಲ್ಲಿ ಸುಮಾರು ಐದು ಸಾವಿರ ಪ್ರಮೇಯಗಳು, ಅಂದರೆ ಗಣಿತದ ಸಿದ್ಧ ಫಲಿತಾಂಶಗಳು, ಒಂದರ ಹಿಂದೊಂದು ಸಾಲುಗಟ್ಟಿದ್ದವು. ಅವು ಏಕೆ ಸರಿ ಎಂದು ತರ್ಕದಿಂದ ತೋರಿಸುವ ಸಾಧನೆಗಳು ಮಾತ್ರ ಹೆಸರಿಗಷ್ಟೇ ಇದ್ದವು. ಬೇರೆಯವರಿಗೆ ಒಣ ಪಟ್ಟಿಯಾಗಿ ಕಾಣುವ ಆ ಪುಸ್ತಕ ರಾಮಾನುಜನ್ನರಿಗೆ ದಿನನಿತ್ಯದ ಸಾಧಕವಾಯಿತು: ಪ್ರತಿಯೊಂದು ಫಲಿತಾಂಶವನ್ನೂ ತಾವೇ ಹೊಸದಾಗಿ ಕಂಡುಕೊಳ್ಳುತ್ತ, ಅಲ್ಲಿಂದ ಮುಂದೆ ಪುಸ್ತಕದಲ್ಲಿ ಇಲ್ಲದ್ದಕ್ಕೆ ದಾಟಿದರು. ಕಾಗದ ದುಬಾರಿಯಾದ್ದರಿಂದ ಸ್ಲೇಟಿನ ಮೇಲೆ ಬರೆದು, ಮೊಣಕೈಯಿಂದ ಒರೆಸಿ, ಕೊನೆಯ ಫಲಿತಾಂಶವನ್ನಷ್ಟೇ ನೋಟುಪುಸ್ತಕಕ್ಕೆ ಇಳಿಸುವ ಅಭ್ಯಾಸ ಅವರದಾಯಿತು. ಹೀಗೆ ಉಳಿದ ನೋಟುಪುಸ್ತಕಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಫಲಿತಾಂಶಗಳಿವೆ, ಮೆಟ್ಟಿಲುಗಳಿಲ್ಲ.

ಗಣಿತದ ಹೊರತು ಬೇರೆ ವಿಷಯಗಳನ್ನು ಓದದ ಕಾರಣ ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಅವರ ವಿದ್ಯಾರ್ಥಿವೇತನ ನಿಂತಿತು. ಮುಂದೆ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿಯೂ ಎಫ್.ಎ. ಪರೀಕ್ಷೆಯನ್ನು, ಅಂದರೆ ಅಂದಿನ ಇಂಟರ್‌ಮೀಡಿಯೆಟ್ ಮಟ್ಟದ ಪರೀಕ್ಷೆಯನ್ನು, ದಾಟಲಾಗಲಿಲ್ಲ. ಕಷ್ಟವೇ ಪ್ರತಿಭೆಯನ್ನು ಕಡೆಯುತ್ತದೆಂದು ನಂಬುವವರಿಗೆ ಈ ಭಾಗ ಬಹಳ ಪ್ರಿಯ. ಮುಂದೆ ರಾಮಾನುಜನ್ನರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಗಣಿತಜ್ಞ ಜಿ. ಎಚ್. ಹಾರ್ಡಿ ಅವರೂ ಮೊದಲು ಅಂತಹದೊಂದು ಮಾತನ್ನು ಬರೆದಿದ್ದರು: ಎಳೆಯ ವಯಸ್ಸಿನಲ್ಲೇ ಕ್ರಮವಾದ ಶಿಕ್ಷಣ ಸಿಕ್ಕಿದ್ದರೆ ರಾಮಾನುಜನ್ ಇನ್ನೂ ದೊಡ್ಡ ಗಣಿತಜ್ಞರಾಗುತ್ತಿದ್ದರೇನೋ, ಆದರೆ ಅವರಲ್ಲಿನ ರಾಮಾನುಜನ್‌ತನ ಕಡಿಮೆಯಾಗಿ ಯುರೋಪಿನ ಪ್ರಾಧ್ಯಾಪಕರ ಛಾಯೆ ಹೆಚ್ಚಾಗಿ, ಲಾಭಕ್ಕಿಂತ ನಷ್ಟವೇ ಹೆಚ್ಚಾಗುತ್ತಿತ್ತೇನೋ ಎಂದು. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಹಾರ್ಡಿ ಆ ಮಾತನ್ನು ಬರಿಯ ಭಾವುಕತೆಯೆಂದು ತಳ್ಳಿಹಾಕಿ, ಕುಂಭಕೋಣದ ಕಾಲೇಜು ತನಗೆ ದಕ್ಕಿದ್ದ ಏಕೈಕ ಮಹಾಪುರುಷನನ್ನು ಕೈಬಿಟ್ಟದ್ದರಿಂದ ಯಾರಿಗೂ ಯಾವ ಲಾಭವೂ ಆಗಲಿಲ್ಲವೆಂದು ಖಂಡಿತವಾಗಿ ಬರೆದರು. ಹದಿನೆಂಟರಿಂದ ಇಪ್ಪತ್ತೈದರವರೆಗಿನ ವಯಸ್ಸು ಗಣಿತಜ್ಞನಿಗೆ ಅತ್ಯಂತ ಬೆಲೆಯುಳ್ಳದ್ದು. ಆ ವರ್ಷಗಳಲ್ಲಿ ರಾಮಾನುಜನ್ ಯುರೋಪಿನಲ್ಲಿ ಆಗಲೇ ಕಂಡುಹಿಡಿದಿದ್ದ ಎಷ್ಟೋ ಸಂಗತಿಗಳನ್ನು ಒಂಟಿಯಾಗಿ ಮತ್ತೊಮ್ಮೆ ಕಂಡುಹಿಡಿಯಬೇಕಾಯಿತು.

ಅವರು ಪೂರ್ತಿ ಒಂಟಿಯಾಗಿಯೂ ಇರಲಿಲ್ಲ, ಮತ್ತು ಜನಪ್ರಿಯ ಕಥನಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗ ಇದೇ. ಭಾರತೀಯ ಗಣಿತ ಸಂಘವನ್ನು 1907ರಲ್ಲಿ ಕಟ್ಟಿದ ವಿ. ರಾಮಸ್ವಾಮಿ ಅಯ್ಯರ್ ಅವರು ನೋಟುಪುಸ್ತಕವನ್ನು ನೋಡಿ ಅದರ ಬೆಲೆಯನ್ನು ಊಹಿಸಿದರು. ನೆಲ್ಲೂರಿನ ಕಲೆಕ್ಟರ್ ಆಗಿದ್ದ ಆರ್. ರಾಮಚಂದ್ರರಾಯರು ತಿಂಗಳಿಗೆ 25 ರೂಪಾಯಿ ತಮ್ಮ ಕೈಯಿಂದ ಕೊಟ್ಟರು. ಸಂಘದ ಪತ್ರಿಕೆ 1911ರಲ್ಲಿ ಅವರ ಮೊದಲ ಲೇಖನವನ್ನು ಅಚ್ಚುಮಾಡಿತು. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತೆ ಕೆಲಸ ಸಿಕ್ಕಿದಾಗ, ಅಲ್ಲಿನ ಮೇಲಧಿಕಾರಿ ಎಸ್. ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರಾಗಿದ್ದರು. ಕೇಂಬ್ರಿಜ್‌ನ ಇಬ್ಬರು ಹೆಸರಾಂತ ಗಣಿತಜ್ಞರಿಗೆ ಬರೆದ ಪತ್ರಗಳಿಂದ ಪ್ರಯೋಜನವಾಗದ ಮೇಲೆ, 1913ರ ಜನವರಿ 16ರಂದು ಬರೆದ ಪತ್ರ ಹಾರ್ಡಿಯವರನ್ನು ತಲುಪಿತು. ಪತ್ರದ ಜೊತೆಗಿದ್ದ ಪ್ರಮೇಯಗಳಲ್ಲಿ ಕೆಲವು ಹಾರ್ಡಿಗೆ ಗೊತ್ತಿದ್ದವು, ಕೆಲವನ್ನು ಕಷ್ಟಪಟ್ಟು ಸಾಧಿಸಬಹುದಾಗಿತ್ತು, ಕೆಲವು ಹಿಂದೆಂದೂ ಕಾಣದ ಬಗೆಯವಾಗಿದ್ದವು. ಈ ಕೊನೆಯವು ನಿಜವೇ ಇರಬೇಕು, ನಿಜವಲ್ಲದಿದ್ದರೆ ಇಂತಹವನ್ನು ಕಟ್ಟಿ ಹೇಳುವ ಕಲ್ಪನಾಶಕ್ತಿ ಯಾರಿಗಿದ್ದೀತು ಎಂಬುದು ಅವರು ಕಂಡುಕೊಂಡ ತರ್ಕ. ರಾಜಶೇಖರನ ಭಾವಯಿತ್ರೀ ಪ್ರತಿಭೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಅದೇ ಭಾವಯಿತ್ರೀ ದೊರೆಯದೆ ಹೋದ ಗ್ರೆಗೊರ್ ಮೆಂಡೆಲ್ ಅವರ ಅನುವಂಶೀಯತೆಯ ಲೇಖನ 1866ರಲ್ಲಿ ಅಚ್ಚಾಗಿಯೂ, ಅವರು ಸತ್ತು ಹದಿನಾರು ವರ್ಷವಾದ ಮೇಲೆ, 1900ರಲ್ಲಷ್ಟೇ ಬೆಳಕಿಗೆ ಬಂದಿತು.

ಆ ಪತ್ರದಲ್ಲಿದ್ದುದೆಲ್ಲ ಸರಿಯಾಗಿರಲಿಲ್ಲ. ಒಂದು ಮತ್ತು ತನ್ನ ಹೊರತು ಬೇರೆ ಯಾವ ಸಂಖ್ಯೆಯಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳು ಎಷ್ಟು ದಟ್ಟವಾಗಿ ಹರಡಿವೆಯೆಂಬ ಬಗ್ಗೆ ರಾಮಾನುಜನ್ ಕಟ್ಟಿದ್ದ ಸಿದ್ಧಾಂತ ತಪ್ಪಾಗಿತ್ತು; ಆ ಪ್ರಶ್ನೆಗೆ ಬೇಕಾದ ಸಂಮಿಶ್ರ ಸಂಖ್ಯೆಗಳ ಗಣಿತ ಅವರಿಗೆ ಆಗ ಗೊತ್ತೇ ಇರಲಿಲ್ಲ. ಆದರೂ ಅವರ ಈ ಸೋಲು ಕೆಲವು ದೃಷ್ಟಿಯಿಂದ ಅವರ ಗೆಲುವುಗಳಿಗಿಂತಲೂ ಆಶ್ಚರ್ಯಕರವೆಂದು ಹಾರ್ಡಿ ಭಾವಿಸಿದರು, ಏಕೆಂದರೆ ಯುರೋಪಿನ ಅತ್ಯುತ್ತಮ ಗಣಿತಜ್ಞರು ನೂರು ವರ್ಷ ಹೆಣಗಿದ ಪ್ರಶ್ನೆಯ ಹೊಸ್ತಿಲಿಗೆ ಅವರು ಯಾರ ಸಹಾಯವೂ ಇಲ್ಲದೆ ಬಂದು ನಿಂತಿದ್ದರು. ಪ್ರತಿಭೆ ತಪ್ಪುವುದಿಲ್ಲವೆಂಬ ಭಕ್ತಿಗೆ ರಾಮಾನುಜನ್ನರೇ ಉತ್ತರ. ನಾಮಕ್ಕಲ್ಲಿನ ನಾಮಗಿರಿ ದೇವಿ ಸ್ವಪ್ನದಲ್ಲಿ ಸೂತ್ರಗಳನ್ನು ಕೊಡುತ್ತಿದ್ದಳೆಂಬ ಅವರ ನಂಬಿಕೆಯನ್ನು ಕೆಲವರು ಎತ್ತಿ ಹಿಡಿಯುತ್ತಾರೆ, ಕೆಲವರು ಮುಜುಗರದಿಂದ ಮುಚ್ಚಿಡುತ್ತಾರೆ, ಎರಡೂ ಅನವಶ್ಯಕ. ಕನಸಿನಲ್ಲಿ ಕಂಡದ್ದನ್ನು ಎಚ್ಚರದಲ್ಲಿ ಪರಿಶೀಲಿಸುವ ಶ್ರಮ ಹೇಗೂ ಅವರದೇ ಆಗಿತ್ತು, ಮತ್ತು ಹತ್ತು ವರ್ಷ ಹಗಲೂ ಇರುಳೂ ಸಂಖ್ಯೆಗಳ ಜೊತೆ ಬಾಳಿದವರಿಗಷ್ಟೇ ಅಂತಹ ಕನಸು ಬೀಳುತ್ತದೆ.

ಶ್ರಮವೊಂದರಿಂದಲೇ ಎಲ್ಲವೂ ಆಗುತ್ತದೆಯೇ ಎಂದರೆ, ಹಾಗೂ ಹೇಳುವಂತಿಲ್ಲ. ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಹೋದ್ಯೋಗಿಗಳು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನ, ಉತ್ತಮ ವಾದಕರ ಹಿಂದೆ ಸಾವಿರಾರು ಗಂಟೆಗಳ ಉದ್ದೇಶಪೂರ್ವಕ ಅಭ್ಯಾಸ ಇರುವುದನ್ನು ತೋರಿಸಿತು. ಅದು ಜನಪ್ರಿಯ ಪುಸ್ತಕಗಳಲ್ಲಿ ಹತ್ತು ಸಾವಿರ ಗಂಟೆಯ ನಿಯಮವಾಗಿ ಸರಳಗೊಂಡಿತು. ಅಭ್ಯಾಸದಿಂದ ನೈಪುಣ್ಯ ಬರುವುದು ನಿಜ, ಆದರೆ ಇರುವ ರಾಗವನ್ನು ನುಡಿಸುವುದಕ್ಕೂ ಇಲ್ಲದ ರಾಗವನ್ನು ಕಾಣುವುದಕ್ಕೂ ನಡುವಿನ ಅಂತರವನ್ನು ಗಂಟೆಗಳು ತುಂಬಲಾರವು.

ಕಾಣುವುದೆಂದರೇನು ಎಂಬುದಕ್ಕೆ ರಾಮಾನುಜನ್ನರ ಒಂದು ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬಹುದು. ನಾಲ್ಕು ಎಂಬ ಸಂಖ್ಯೆಯನ್ನು ಕೂಡುವಿಕೆಯಾಗಿ ಐದು ಬಗೆಯಲ್ಲಿ ಬರೆಯಬಹುದು: 4, 3+1, 2+2, 2+1+1, 1+1+1+1. ಹೀಗೆ ಒಡೆಯುವುದಕ್ಕೆ ವಿಭಜನೆ ಎನ್ನುತ್ತಾರೆ. ಹತ್ತಕ್ಕೆ 42 ವಿಭಜನೆಗಳು, ನೂರಕ್ಕೆ 19,05,69,292. ಇನ್ನೂರಕ್ಕೆ ಅದು ಸುಮಾರು ನಾಲ್ಕು ಲಕ್ಷ ಕೋಟಿಯಾಗುತ್ತದೆ, ನಿಖರವಾಗಿ 39,72,99,90,29,388. ಒಂದೊಂದನ್ನೂ ಪಟ್ಟಿಮಾಡಿ ಎಣಿಸುವುದು ಮನುಷ್ಯರಿಂದಾಗದ ಕೆಲಸವಾದ್ದರಿಂದ, ಪರ್ಸಿ ಮ್ಯಾಕ್‌ಮಹೋನ್ ಎಂಬ ನಿವೃತ್ತ ಸೇನಾಧಿಕಾರಿ, ಹಿಂದಿನ ಸಂಖ್ಯೆಗಳಿಂದ ಮುಂದಿನದನ್ನು ಪಡೆಯುವ ಕ್ರಮದಿಂದ, ಇನ್ನೂರರವರೆಗಿನ ಕೋಷ್ಟಕವನ್ನು ಕೈಯಿಂದಲೇ ಸಿದ್ಧಪಡಿಸಿದರು. ಹಾರ್ಡಿ ಮತ್ತು ರಾಮಾನುಜನ್ 1918ರಲ್ಲಿ ಪ್ರಕಟಿಸಿದ ಸೂತ್ರದ ಮೊದಲ ಎಂಟು ಪದಗಳನ್ನು ಕೂಡಿದರೆ ಸಿಗುವ ಮೊತ್ತ, ಆ ಕೋಷ್ಟಕದ ಕೊನೆಯ ಸಂಖ್ಯೆಗೆ ಒಂದರ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ ವ್ಯತ್ಯಾಸದಲ್ಲಿ ಹೊಂದಿಕೊಂಡಿತು. ಇಲ್ಲಿ ಹಾರ್ಡಿಯವರ ತಂತ್ರನೈಪುಣ್ಯವೂ ರಾಮಾನುಜನ್ನರ ಒಳನೋಟವೂ ಬೆಸೆದುಕೊಂಡಿದ್ದವು.

ಆದರೆ ಅದೇ ಕೋಷ್ಟಕವನ್ನು ನೋಡುತ್ತ ರಾಮಾನುಜನ್ ಗುರುತಿಸಿದ ಇನ್ನೊಂದು ಸಂಗತಿ ಸಾಮಾನ್ಯ ಓದುಗರಿಗೂ ಎಟಕುವಂತಹದು. ನಾಲ್ಕರಿಂದ ಆರಂಭಿಸಿ ಐದೈದು ಹೆಜ್ಜೆ ಮುಂದೆ ಹೋದರೆ, ಅಂದರೆ 4, 9, 14, 19, 24 ಎಂಬ ಸಂಖ್ಯೆಗಳ ವಿಭಜನೆಗಳನ್ನು ನೋಡಿದರೆ, ಅವು ಕ್ರಮವಾಗಿ 5, 30, 135, 490, 1575. ಎಲ್ಲವೂ ಐದರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಐದರಿಂದ ಆರಂಭಿಸಿ ಏಳೇಳು ಹೆಜ್ಜೆ ಹೋದರೆ ಏಳರಿಂದಲೂ, ಆರರಿಂದ ಆರಂಭಿಸಿ ಹನ್ನೊಂದು ಹನ್ನೊಂದು ಹೆಜ್ಜೆ ಹೋದರೆ ಹನ್ನೊಂದರಿಂದಲೂ ಭಾಗವಾಗುತ್ತವೆ. ಕೋಷ್ಟಕವನ್ನು ಕಟ್ಟಿದ ಮ್ಯಾಕ್‌ಮಹೋನ್ ಆ ಅಂಕಿಗಳನ್ನು ಒಂದೊಂದಾಗಿ ಬರೆದವರು, ಹಾರ್ಡಿ ಅವುಗಳನ್ನು ತಮ್ಮ ಸೂತ್ರದೊಡನೆ ಹೋಲಿಸಿ ನೋಡಿದವರು. ಅಂಕಿಗಳು ಎಲ್ಲರ ಮುಂದೆ ಒಂದೇ ರೀತಿ ಬಿದ್ದಿದ್ದವು. ಕೂಡುವಿಕೆಯಿಂದ ಹುಟ್ಟಿದ ಎಣಿಕೆಯಲ್ಲಿ ಭಾಗಾಕಾರದ ಶಿಸ್ತು ಅಡಗಿರಬಹುದೆಂದು ನಿರೀಕ್ಷಿಸಲು ಯಾವ ಕಾರಣವೂ ಇರಲಿಲ್ಲ, ಆದ್ದರಿಂದ ಯಾರೂ ಹುಡುಕಿರಲಿಲ್ಲ. ಐದು ಮತ್ತು ಏಳರ ಸಂಬಂಧಗಳಿಗೆ ರಾಮಾನುಜನ್ 1919ರಲ್ಲಿ ಸಾಧನೆಗಳನ್ನೂ ಕೊಟ್ಟರು. ಅಷ್ಟರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆಗಿ, ಕಾಯಿಲೆಯಿಂದ ಜರ್ಜರಿತರಾಗಿ ಭಾರತಕ್ಕೆ ಮರಳಿದ್ದರು. 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ತೀರಿಕೊಂಡರು.

ಮಾದರಿಯಾಗಬೇಕೆಂಬ ಕಾಂಟನ ಷರತ್ತು ಇಲ್ಲಿಂದ ಮುಂದೆ ಪೂರೈಸುತ್ತ ಹೋಗುತ್ತದೆ. 1944ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಫ್ರೀಮನ್ ಡೈಸನ್, ವಿಭಜನೆಗಳನ್ನು ಐದು ಮತ್ತು ಏಳು ಸಮಗುಂಪುಗಳಾಗಿ ಹಂಚುವ ಒಂದು ಸರಳ ಗುಣವನ್ನು ಸೂಚಿಸಿದರು. ಅದು ಹನ್ನೊಂದಕ್ಕೆ ಒಗ್ಗಲಿಲ್ಲವಾಗಿ, ಹನ್ನೊಂದಕ್ಕೂ ಸಲ್ಲುವ ಇನ್ನೊಂದು ಗುಣ ಇರಲೇಬೇಕೆಂದು ಊಹಿಸಿ, ಕಾಣದ ಆ ಗುಣಕ್ಕೆ ಕ್ರ್ಯಾಂಕ್ ಎಂದು ಹೆಸರನ್ನೂ ಇಟ್ಟರು. ಜಾರ್ಜ್ ಆಂಡ್ರ್ಯೂಸ್ ಮತ್ತು ಫ್ರ್ಯಾಂಕ್ ಗಾರ್ವನ್ 1988ರಲ್ಲಿ ಅದನ್ನು ಕಂಡುಹಿಡಿದರು. ಇದೇ ಆಂಡ್ರ್ಯೂಸ್ 1976ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿ ರಾಮಾನುಜನ್ನರ ಕೊನೆಯ ವರ್ಷದ ಹಾಳೆಗಳನ್ನು ಬೆಳಕಿಗೆ ತಂದವರು. ಆ ಹಾಳೆಗಳಲ್ಲಿದ್ದ ಮಾಕ್ ಥೀಟಾ ಫಲನಗಳೆಂಬ ವಿಚಿತ್ರ ಶ್ರೇಣಿಗಳ ನಿಜವಾದ ನೆಲೆ ಏನೆಂಬುದು ತಿಳಿಯಲು 2002ರಲ್ಲಿ ಸ್ಯಾಂಡರ್ ಜ್ವೇಗರ್ಸ್ ಬರೆದ ಪ್ರಬಂಧದವರೆಗೆ ಕಾಯಬೇಕಾಯಿತು. ರಾಮಾನುಜನ್ ಕಂಡ ಬಗೆಯ ಸಂಬಂಧಗಳು ಐದು, ಏಳು, ಹನ್ನೊಂದರಲ್ಲಿ ನಿಲ್ಲದೆ, ಐದರಿಂದ ಮೇಲಿನ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಗೂ ಒಂದಲ್ಲ ಒಂದು ರೂಪದಲ್ಲಿ ಇವೆಯೆಂದು ಕೆನ್ ಓನೊ 2000ದಲ್ಲಿ ತೋರಿಸಿದರು. ಉಳಿದದ್ದು ಎರಡು ಮತ್ತು ಮೂರು. ಸಂಖ್ಯೆಗಳ ವಿಭಜನೆಗಳ ಎಣಿಕೆ ಸಮಸಂಖ್ಯೆಯಾಗುವುದೂ ಬೆಸಸಂಖ್ಯೆಯಾಗುವುದೂ ಅರ್ಧರ್ಧ ಪ್ರಮಾಣದಲ್ಲಿ ನಡೆಯುತ್ತದೆಯೇ ಎಂಬ, ಪ್ರಾಥಮಿಕ ಶಾಲೆಯ ಮಕ್ಕಳಿಗೂ ಅರ್ಥವಾಗುವ ಪ್ರಶ್ನೆಗೆ ಹೌದೆಂದು ಗಣಿತಜ್ಞರು ನಂಬುತ್ತಾರೆ. ಸಾಧಿಸಿ ತೋರಿಸಿದವರು ಇನ್ನೂ ಯಾರೂ ಇಲ್ಲ.